ಹಸಿರು ಚುಕ್ಕಿಯ ಕಾವಲು

ನಮ್ಮ ಓಣಿಯಲ್ಲಿ ಎಲ್ಲರಿಗೂ ಅವಳು ಬೋರಕ್ಕ. ಹುಟ್ಟಿದಾಗ ಇಟ್ಟ ಹೆಸರು ಬೇರೆಯೇ ಇತ್ತು, ಆದರೆ ಓಣಿಗೆ ಬೋರಿನ ಕೈಪಂಪು ಬಂದ ಮೇಲೆ ಆ ಹೆಸರಿನಿಂದ ಕರೆಯುವವರೇ ಇಲ್ಲವಾದರು. ಮಕ್ಕಳು ಬೋರಜ್ಜಿ ಎಂದರೂ ತಿರುಗಿ ನೋಡುತ್ತಿದ್ದಳು, ಗಂಡಸರು ತಮಾಷೆಗೆ ಬೋರ್ ಮೇಡಂ ಎಂದರೂ ನಗುತ್ತಿದ್ದಳು. ಕೋಪ ಎನ್ನುವುದು ಅವಳ ಮೈಯಲ್ಲೇ ಇರಲಿಲ್ಲ. ನನಗೆ ಬೇಕಾದಷ್ಟಿದೆ, ಅವಳ ಪಾಲಿನದೂ ನನಗೇ ಬಂದಿರಬೇಕು. ಈ ಕತೆಯನ್ನು ನಾನು ಸಿಟ್ಟಿನಲ್ಲೇ ಹೇಳುತ್ತಿದ್ದೇನೆ, ಅದರಲ್ಲಿ ಮುಚ್ಚಿಡುವಂಥದ್ದೇನೂ ಇಲ್ಲ.

ನನ್ನದು ಹೊಲಿಗೆ. ಹೊಸ ಬಟ್ಟೆ ಹೊಲಿಸುವವರು ನಮ್ಮ ಓಣಿಗೆ ಬರುವುದಿಲ್ಲ. ಕಿತ್ತುಹೋದ ಜಿಪ್ಪು, ಉದ್ದವಾದ ಪ್ಯಾಂಟು, ಮೈ ದಪ್ಪಗಾಗಿ ಬಿಗಿಯಾದ ಅಂಗಿ, ಇಂಥವೇ ನನ್ನ ಪಾಲಿಗೆ. ಬೆಳಕಿಗೆಂದು ಮಷೀನನ್ನು ಕಿಟಕಿಗೆ ಒತ್ತಿ ಇಟ್ಟುಕೊಂಡಿದ್ದೇನೆ. ತಲೆ ಎತ್ತಿದರೆ ಎದುರಿಗೆ ಪಂಪು, ಅದರ ಹಿಂದೆ ಚರಂಡಿ, ಚರಂಡಿ ದಾಟಿದರೆ ಬೋರಕ್ಕನ ಮನೆ ಬಾಗಿಲು. ಹಾಗಾಗಿ ನಾನು ಹೇಳುವುದರಲ್ಲಿ ಗಾಳಿಮಾತು ಕಡಿಮೆ, ಹೆಚ್ಚಿನದು ಕಣ್ಣಾರೆ ಕಂಡದ್ದು.

ಪಂಪು ಬರುವ ಮೊದಲು ನಮಗಿದ್ದದ್ದು ಟ್ಯಾಂಕರ್ ಒಂದೇ. ಅದು ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಬಂದ ದಿನ ಓಣಿಯಲ್ಲಿ ಅಕ್ಕತಂಗಿಯರೂ ಬಕೆಟ್ಟಿಗಾಗಿ ಕೂದಲು ಹಿಡಿದು ಎಳೆದಾಡುತ್ತಿದ್ದರು. ಆಗ ಒಂದು ಸಂಸ್ಥೆಯವರು ಬಂದು ನಮ್ಮ ಚಿತ್ರ ತೆಗೆದುಕೊಂಡು ಹೋದರು. ಅವರ ವೆಬ್‌ಸೈಟಿನಲ್ಲಿ ದೊಡ್ಡ ಭೂಪಟ ಇದೆಯಂತೆ. ನೀರಿಲ್ಲದ ಜಾಗಗಳನ್ನೆಲ್ಲ ಅದರಲ್ಲಿ ಗುರುತು ಮಾಡಿರುತ್ತಾರೆ, ದುಡ್ಡಿದ್ದವರು ಎಲ್ಲಿಂದಲೋ ಕೂತು ಒಂದು ಜಾಗವನ್ನು ಆರಿಸಿಕೊಂಡು ಅಲ್ಲಿನ ಬಾವಿಗೆ ಪ್ರಾಯೋಜಕರಾಗಬಹುದು. ಸಮುದ್ರದಾಚೆಯ ಒಬ್ಬ ಮುದುಕಿ ನಮ್ಮನ್ನು ಆರಿಸಿದಳು. ಯಾಕೆ ಅಂತ ದೇವರಿಗೇ ಗೊತ್ತು. ಆ ಚಿತ್ರದಲ್ಲಿ ಖಾಲಿ ಕೊಡ ಹಿಡಿದು ಎದುರಿಗೆ ನಿಂತವಳು ನಾನೇ, ನನ್ನ ಮುಖ ನೋಡಿ ಯಾರಿಗೂ ಕರುಳು ಚುರಕ್ ಎನ್ನುವಂತಿರಲಿಲ್ಲ.

ಮುದುಕಿಗೆ ಒಬ್ಬಳೇ ಮಗಳಿದ್ದಳಂತೆ, ಪ್ರಾಯದಲ್ಲೇ ತೀರಿಹೋದಳಂತೆ. ಅವಳ ನೆನಪಿಗೆ ಈ ಪಂಪು. ಕಟ್ಟೆಯ ಮೇಲೆ ಒಂದು ಉಕ್ಕಿನ ಫಲಕ ಹಾಕಿದರು, ಅದರಲ್ಲಿ ನಮಗೆ ಓದಲು ಬಾರದ ಲಿಪಿಯಲ್ಲಿ ಆ ಮಗಳ ಹೆಸರು. ಪಂಪಿನ ತಲೆಯೊಳಗೆ ಬೆಂಕಿಪೊಟ್ಟಣದಷ್ಟು ದೊಡ್ಡದೊಂದು ಪೆಟ್ಟಿಗೆ ಕೂರಿಸಿದರು. ಹಿಡಿಕೆ ಎಷ್ಟು ಸಲ ಎದ್ದು ಬಿತ್ತು ಎನ್ನುವುದನ್ನು ಅದು ಎಣಿಸಿ ಸಂಸ್ಥೆಗೆ ಕಳಿಸುತ್ತದೆ. ಜನ ನೀರು ಹೊಡೆಯುತ್ತಿದ್ದರೆ ಭೂಪಟದಲ್ಲಿ ನಮ್ಮ ಓಣಿಯ ಚುಕ್ಕಿ ಹಸಿರು. ಎರಡು ದಿನ ಹಿಡಿಕೆ ಅಲುಗದಿದ್ದರೆ ಪಂಪು ಕೆಟ್ಟಿದೆ ಎಂದು ಲೆಕ್ಕ, ಚುಕ್ಕಿ ಕೆಂಪು. ಕೆಂಪಾದ ತಕ್ಷಣ ರಿಪೇರಿಯವನ ಫೋನು ತಾನಾಗಿಯೇ ಬಡಿದುಕೊಳ್ಳುತ್ತದೆ, ಅವನು ಬರಲೇಬೇಕು. ಕೇಳಿದಾಗ ನನಗೂ ಒಳ್ಳೆಯ ಏರ್ಪಾಡು ಅನಿಸಿತ್ತು. ಕೆಟ್ಟದ್ದನ್ನು ಹೇಳಿಕೊಳ್ಳಲು ನಾವು ಯಾವ ಕಚೇರಿಯ ಮೆಟ್ಟಿಲೂ ಹತ್ತಬೇಕಿಲ್ಲವಲ್ಲ.

ಪಂಪನ್ನು ನೋಡಿಕೊಳ್ಳಲು ಓಣಿಯಿಂದ ಒಬ್ಬರು ಬೇಕು ಎಂದಾಗ ಎಲ್ಲರೂ ಬೋರಕ್ಕನ ಕಡೆ ಕೈ ತೋರಿಸಿದರು. ಸಂಬಳ ಇಲ್ಲದ ಕೆಲಸ ಎಂದು ಗೊತ್ತಾದ ಮೇಲೆ ಇನ್ನೂ ಜೋರಾಗಿ ತೋರಿಸಿದರು. ಅವಳಿಗೆ ಸಿಕ್ಕಿದ್ದು ಸಂಸ್ಥೆಯ ಹೆಸರಿದ್ದ ಒಂದು ನೀಲಿ ಟೀ ಶರ್ಟು. ಇಬ್ಬರು ಬೋರಕ್ಕಂದಿರು ಹಿಡಿಸುವಷ್ಟು ದೊಡ್ಡದಾಗಿತ್ತು, ನಾನೇ ಹಿಡಿದು ಹೊಲಿದುಕೊಟ್ಟೆ.

ಅವಳ ಹೊಟ್ಟೆಪಾಡು ಬಾಟಲಿ ಶೆಡ್ಡಿನಲ್ಲಿ. ಹಳೆಯ ಗಾಜಿನ ಬಾಟಲಿಗಳನ್ನು ತೊಟ್ಟಿಯಲ್ಲಿ ನೆನೆಹಾಕಿ, ಚೀಟಿ ಕೆರೆದು, ಬ್ರಷ್ಷು ಹಾಕಿ ತೊಳೆದು ಮತ್ತೆ ಮಾರುವ ಜಾಗ ಅದು. ಅಲ್ಲಿ ನೀರೆಂದರೆ ಬಂಗಾರ. ಒಂದು ತೊಟ್ಟಿ ನೀರು ಕಪ್ಪಗಾಗಿ, ಮಂದವಾಗಿ, ನಾರುವ ತನಕ ಬದಲಾಯಿಸುವಂತಿಲ್ಲ. ಮೊದಲು ನೆನೆಸಲು, ಆಮೇಲೆ ತೊಳೆಯಲು, ಕೊನೆಗೆ ನೆಲಕ್ಕೆ. ಗಂಡ ಸತ್ತಾಗಿನಿಂದ ಅದೇ ನೀರಿನಲ್ಲಿ ಕೈ ಅದ್ದಿ ಅವಳು ಮಗನನ್ನು ಬೆಳೆಸಿದ್ದಳು. ಮಗ ಈಗ ಅಂಗಡಿಗಳಿಗೆ ಶಟರ್ ಮಾಡುವ ಕಾರ್ಖಾನೆಯಲ್ಲಿ ವೆಲ್ಡಿಂಗ್ ಕೆಲಸಕ್ಕಿದ್ದಾನೆ. ಅಳೆದು ತೂಗಿ ಮಾತಾಡುವವನು, ಇಡೀ ದಿನ ಬೆಂಕಿಯ ಮುಂದೆ ಕೂತವನಿಗೆ ಸಂಜೆ ಬಾಯಿ ತೆರೆಯಲು ತ್ರಾಣ ಉಳಿದಿರುವುದಿಲ್ಲ.

ಆ ಮನೆಯ ಮಾತನ್ನೆಲ್ಲ ಆಡುತ್ತಿದ್ದವಳು ಸೊಸೆ. ಮೊಬೈಲ್ ಅಂಗಡಿಯಲ್ಲಿ ಕೌಂಟರ್ ಕೆಲಸ ಮಾಡುತ್ತಿದ್ದಳು, ನಗು ಎಂದರೆ ಓಣಿಯ ಆ ತುದಿಗೆ ಕೇಳಿಸಬೇಕು. ಅತ್ತೆ ಸೊಸೆ ಹೀಗೂ ಇರಬಹುದೇ ಎಂದು ಹೊಟ್ಟೆಕಿಚ್ಚು ಪಡುವಷ್ಟು ಹೊಂದಿಕೊಂಡಿದ್ದರು. ಬೋರಕ್ಕ ದಿನಾ ಬೆಳಿಗ್ಗೆ ಫಲಕವನ್ನು ಒದ್ದೆಬಟ್ಟೆಯಲ್ಲಿ ಒರೆಸುವಾಗ ಇವಳು ಬಾಗಿಲಲ್ಲಿ ನಿಂತು ರೇಗಿಸುತ್ತಿದ್ದಳು.

"ಅತ್ತೆ, ನನ್ನ ಮುಖ ಒಂದಿನಾನೂ ಹೀಗೆ ಒರೆಸಿಲ್ಲ ನೀವು. ಮಗಳು ಅವಳು, ಸೊಸೆ ನಾನು ಅಲ್ವಾ?"

"ನಿನ್ನ ಮುಖ ತೊಳ್ಕೊಳೋಕೆ ನಿಂಗೆ ಕೈ ಇದೆ. ಪಾಪ, ಆ ಹುಡುಗಿಗೆಲ್ಲಿದೆ?" ಎಂದು ಬೋರಕ್ಕ ನಿಜವಾಗಿಯೂ ಕನಿಕರದಿಂದ ಹೇಳುತ್ತಿದ್ದಳು.

ದೂರದ ಅಜ್ಜಿಯ ಸುದ್ದಿ ತರುತ್ತಿದ್ದವನು ಸಂಸ್ಥೆಯ ಮೇಲ್ವಿಚಾರಕ. ನಾವು ಅವನನ್ನು ಚುಕ್ಕಿ ಸಾರ್ ಅನ್ನುತ್ತಿದ್ದೆವು. ಸಣ್ಣ ವಯಸ್ಸು, ಧೂಳು ಹಿಡಿದ ಬೈಕು, ಅವನ ಪಾಲಿಗೆ ನಮ್ಮಂಥ ಎಷ್ಟೋ ಓಣಿಗಳು. ಬಂದಾಗಲೆಲ್ಲ ಅಜ್ಜಿ ಕಳಿಸಿದ ವಿಡಿಯೋ ತೋರಿಸಿ ನಮ್ಮ ಮಾತಿನಲ್ಲಿ ಬಿಡಿಸಿ ಹೇಳುತ್ತಿದ್ದ. ಬೆಳ್ಳಗಿನ ಕೂದಲು, ನಡುಗುವ ಗಲ್ಲ. ಬೆಳಿಗ್ಗೆ ಎದ್ದವಳೇ ಫೋನು ತೆರೆದು ಚುಕ್ಕಿ ನೋಡುತ್ತಾಳಂತೆ. ಹಸಿರಿದ್ದರೆ ಮಗಳು ಎಲ್ಲೋ ಒಂದು ಕಡೆ ಎದ್ದು ಕೆಲಸಕ್ಕೆ ಹೊರಟಳು ಎಂದು ಸಮಾಧಾನವಂತೆ. ಒಮ್ಮೆ ಆ ಪೆಟ್ಟಿಗೆಯ ಬ್ಯಾಟರಿ ಕೈಕೊಟ್ಟು ಚುಕ್ಕಿ ಕೆಂಪಾಗಿತ್ತು. ಆಗ ಅಜ್ಜಿ ಊಟ ಬಿಟ್ಟು ಹಾಸಿಗೆ ಹಿಡಿದಳು ಎಂದು ಚುಕ್ಕಿ ಸಾರ್ ಹೇಳಿದ. ಬೋರಕ್ಕನ ಕಣ್ಣಲ್ಲಿ ನೀರು ಬಂತು. ಇನ್ನು ಮುಂದೆ ತನ್ನ ಜೀವ ಇರುವ ತನಕ ಇದು ಕೆಂಪಾಗಲು ಬಿಡುವುದಿಲ್ಲ ಎಂದುಬಿಟ್ಟಳು. ಅವಳಂಥವರು ಬಾಯಿಮಾತಿಗೆ ಅಂತ ಏನನ್ನೂ ಹೇಳುವುದಿಲ್ಲ, ಅದೇ ತೊಂದರೆ.

ಸೊಸೆ ಬಸುರಿಯಾದ ಸುದ್ದಿ ಓಣಿಗೆ ತಿಳಿದು ಸ್ವಲ್ಪ ದಿನಕ್ಕೆ ಒಂದು ಮರಳಿನ ಲಾರಿ ಹಿಂದಕ್ಕೆ ಬರುತ್ತಾ ಪಂಪಿನ ಕಟ್ಟೆಗೆ ಗುದ್ದಿತು. ಪಂಪು ಬೀಳಲಿಲ್ಲ. ಕಟ್ಟೆ ಮಾತ್ರ ಬುಡದಿಂದ ಬಿರುಕು ಬಿಟ್ಟು ಚರಂಡಿಯ ಕಡೆಗೆ ವಾಲಿತು. ಚರಂಡಿ ಕಟ್ಟಿಕೊಂಡಾಗಲೆಲ್ಲ ಕೊಳಕು ನೀರು ಬಿರುಕಿನೊಳಗೆ ಇಳಿದು ಸೀದಾ ಪೈಪಿನ ಬುಡಕ್ಕೆ ಹೋಗುತ್ತಿತ್ತು. ಒಂದು ವಾರದಲ್ಲಿ ನೀರಿಗೆ ವಾಸನೆ ಬಂತು. ಕುಡಿದ ಮಕ್ಕಳಿಗೆ ಹೊಟ್ಟೆ ಕೆಟ್ಟಿತು. ನಾನು ಓಣಿಯ ನಡುವೆ ನಿಂತು ಗಂಟಲು ಹರಿದುಕೊಂಡೆ: ಯಾರೂ ಕುಡಿಯಬೇಡಿ, ಕುಡಿಯಲು ಮತ್ತೆ ಟ್ಯಾಂಕರನ್ನೇ ಕಾಯೋಣ, ಹಿಡಿಕೆಯನ್ನೇ ಮುಟ್ಟಬೇಡಿ, ಚುಕ್ಕಿ ಕೆಂಪಾಗಲಿ, ರಿಪೇರಿಯವನು ಬರಲಿ. ಎಲ್ಲರೂ ಒಪ್ಪಿದರು. ಬೋರಕ್ಕನೂ ಒಪ್ಪಿದಳು, ಅಜ್ಜಿಗೆ ಮೊದಲೇ ಒಂದು ಮಾತು ತಿಳಿಸಿದರೆ ಸಾಕು ಎಂದು ಚುಕ್ಕಿ ಸಾರ್‌ಗೆ ಫೋನು ಮಾಡಿದಳು.

ಅವನು ಸಂಜೆಯೊಳಗೆ ಓಡಿಬಂದ. ಅವನ ಮುಖ ನೋಡಿದರೆ ಅವನಿಗೇ ಹೊಟ್ಟೆ ಕೆಟ್ಟ ಹಾಗಿತ್ತು.

"ಅಮ್ಮಾ, ದಯವಿಟ್ಟು ಈ ತಿಂಗಳು ಕೆಂಪು ಮಾಡ್ಬೇಡಿ. ನಮ್ಮ ವಿಭಾಗದಲ್ಲಿ ಆಗ್ಲೇ ತುಂಬ ಕೆಂಪಾಗಿವೆ. ಇನ್ನೊಂದಾದ್ರೆ ಈ ಕಡೆಯ ಬಾವಿಗಳನ್ನೆಲ್ಲ ಪಟ್ಟಿಯಿಂದ ತೆಗೆದುಹಾಕ್ತಾರೆ. ಕೆಂಪು ನೋಡಿದ್ರೆ ಪ್ರಾಯೋಜಕರು ಬೇರೆ ದೇಶಕ್ಕೆ ಹೋಗ್ಬಿಡ್ತಾರೆ. ಆಮೇಲೆ ರಿಪೇರಿಯವನೂ ಇಲ್ಲ, ಪಂಪೂ ಇಲ್ಲ."

"ಕೆಂಪಾಗ್ದೆ ಅವನು ಬರೋದಿಲ್ವಲ್ಲ ಸಾರ್?" ಎಂದೆ ನಾನು ಕಿಟಕಿಯಿಂದಲೇ.

"ನಾನು ಬೇರೆ ದಾರಿಯಲ್ಲಿ ಕರೆಸ್ತೀನಿ. ಅಲ್ಲೀವರೆಗೆ ಬೆಳಿಗ್ಗೆ ಸಂಜೆ ಸ್ವಲ್ಪ ಹೊಡೀತಾ ಇರಿ, ಅಷ್ಟೇ. ಆ ಅಜ್ಜಿಗೂ ಈಗ ಹುಷಾರಿಲ್ಲ, ಆಸ್ಪತ್ರೆಯಿಂದ ಬಂದು ವಾರ ಆಗಿಲ್ಲ. ಇಂಥ ಟೈಮಲ್ಲಿ ಕೆಂಪು ನೋಡಿದ್ರೆ..."

ಉಳಿದದ್ದನ್ನು ಅವನು ಹೇಳಬೇಕಾಗಲೇ ಇಲ್ಲ. ಬೋರಕ್ಕ ಆಗಲೇ ತಲೆ ಆಡಿಸಿಯಾಗಿತ್ತು. ಅವನು ಕೆಟ್ಟವನಲ್ಲ ಎಂದು ಈಗಲೂ ಕೆಲವರು ಹೇಳುತ್ತಾರೆ, ಅವನ ಕೆಲಸ ಹಾಗಿತ್ತು ಎನ್ನುತ್ತಾರೆ. ಇರಬಹುದು. ಅವನ ಕೆಲಸ ಹಾಗಿತ್ತು, ನಮ್ಮ ಹಣೆಬರಹ ಹೀಗಿತ್ತು, ಎರಡನ್ನೂ ಕೂಡಿಸಿ ನೋಡಿ ಅವನನ್ನು ಕ್ಷಮಿಸುವಷ್ಟು ದೊಡ್ಡ ಮನಸ್ಸು ನನಗಿಲ್ಲ.

ಅವತ್ತಿನಿಂದ ಬೋರಕ್ಕ ಶೆಡ್ಡಿಗೆ ಹೋಗುವ ಮುಂಚೆ ಒಂದು ಸಲ, ಬಂದ ಮೇಲೆ ಒಂದು ಸಲ, ಯಾರಿಗೂ ಬೇಡದ ನೀರನ್ನು ಮೇಲಕ್ಕೆತ್ತಿ ಚರಂಡಿಗೆ ಬಿಡತೊಡಗಿದಳು. ಹಿಡಿಕೆ ಮೇಲೆ ಕೆಳಗೆ, ಮೇಲೆ ಕೆಳಗೆ. ನನ್ನ ಮಷೀನಿನ ಸದ್ದೂ ಅದೂ ಸೇರಿ ತಲೆ ಚಿಟ್ಟು ಹಿಡಿಯುತ್ತಿತ್ತು. ಹುಡುಗರು ಅವಳ ಸುತ್ತ ನಿಂತು ಚರಂಡಿಗೆ ಬಾಯಾರಿಕೆಯಾಗಿದೆಯಾ ಬೋರಜ್ಜಿ ಎಂದು ಕೇಳುತ್ತಿದ್ದರು.

ಅಷ್ಟೇ ಆಗಿದ್ದರೆ ಏನೂ ಆಗುತ್ತಿರಲಿಲ್ಲ. ಆದರೆ ಬಾಟಲಿ ಶೆಡ್ಡಿನ ಹೆಂಗಸು ಅವಳು. ಕಣ್ಣಿಗೆ ತಿಳಿಯಾಗಿ ಕಾಣುವ ನೀರು ತನ್ನ ಕೈಯಾರೆ ಕೊಚ್ಚೆಗೆ ಹೋಗುವುದನ್ನು ನೋಡಿ ನೋಡಿ ಅವಳ ಹೊಟ್ಟೆ ಉರಿಯಿತು. ಒಂದು ದಿನ ಪೈಪಿನ ಬಾಯಿಗೆ ಒಂದು ಪ್ಲಾಸ್ಟಿಕ್ ಡ್ರಮ್ಮು ತಂದು ಇಟ್ಟಳು.

"ಅಕ್ಕ, ಇದೇನು ಮಾಡ್ತಾ ಇದ್ದೀಯ?" ಎಂದೆ.

"ಕುಡಿಯೋಕಲ್ಲ ಮಾರಾಯ್ತಿ. ನೆಲ ಒರೆಸೋಕೆ, ಪಾತ್ರೆ ತೊಳೆಯೋಕೆ. ಸುಮ್ನೆ ಹಾಳಾಗ್ತದಲ್ಲ. ಟ್ಯಾಂಕರ್ ನೀರು ಕುಡಿಯೋಕೆ ಉಳೀತದೆ."

ನನಗೆ ಅದು ಸರಿಯೆಂದೇ ತೋರಿತು. ಓಣಿಗೂ ಸರಿಯೆಂದು ತೋರಿತು. ಎಲ್ಲರ ಬಾಗಿಲಲ್ಲೂ ಒಂದೊಂದು ಡ್ರಮ್ಮು ಎದ್ದಿತು, ಕುಡಿಯುವ ನೀರಿಗೆ ಮುಚ್ಚಳವಿದ್ದ ಕೊಡ, ತೊಳೆಯುವ ನೀರಿಗೆ ಡ್ರಮ್ಮು. ಎಷ್ಟು ಅಚ್ಚುಕಟ್ಟಾಗಿ ಬೇರೆ ಬೇರೆ ಇಟ್ಟಿದ್ದೆವು ಎಂದು ನೆನೆದರೆ ಈಗ ಮೈ ಪರಚಿಕೊಳ್ಳುವ ಹಾಗಾಗುತ್ತದೆ. ಡ್ರಮ್ಮಿನ ನೀರಲ್ಲಿ ತೊಳೆದ ಲೋಟದಲ್ಲೇ ಕೊಡದ ನೀರು ಕುಡಿಯುತ್ತಿದ್ದೆವು.

ತಿಂಗಳು ಕಳೆಯಿತು. ಚುಕ್ಕಿ ಸಾರ್ ಬೇರೆ ದಾರಿಯಲ್ಲಿ ಕರೆಸುವ ರಿಪೇರಿಯವನು ಯಾವ ದಾರಿಯಲ್ಲೂ ಬರಲಿಲ್ಲ. ಫೋನು ಮಾಡಿದರೆ ಇನ್ನೊಂದು ತಿಂಗಳು ಎಂದ. ಸೊಸೆಗೆ ಆಗ ಹೊಟ್ಟೆ ಚೆನ್ನಾಗಿ ಕಾಣುತ್ತಿತ್ತು. ಅಂಗಡಿ ಕೆಲಸ ಬಿಟ್ಟು ಮನೆಯಲ್ಲಿದ್ದಳು. ಒಂದು ಮಧ್ಯಾಹ್ನ ನನ್ನ ಕಿಟಕಿಯ ಕೆಳಗಿನ ಮೆಟ್ಟಿಲ ಮೇಲೆ ಅತ್ತೆ ಸೊಸೆ ಕೂತಿದ್ದಾಗ ಇವಳು ಫೋನಿನಲ್ಲಿ ಸಂಸ್ಥೆಯ ಪುಟ ತೆರೆದಳು.

"ನೋಡಿ ಅತ್ತೆ, ನಮ್ಮ ಚುಕ್ಕಿ. ಮಿಣಮಿಣ ಅಂತಿದೆ. 'ಈ ಬಾವಿ ಶುದ್ಧ ನೀರು ಕೊಡುತ್ತಿದೆ' ಅಂತ ಬರೆದಿದ್ದಾರೆ ಕೆಳಗೆ. ಆಂಟಿ, ನೀವೂ ಇದ್ದೀರ ಚಿತ್ರದಲ್ಲಿ, ಸಾಲಗಾರನ್ನ ನೋಡಿದ ಹಾಗೆ ನೋಡ್ತಿದ್ದೀರ."

"ನನ್ನ ಮುಖ ಬಿಡು, ಬೇರೇನಿದೆ ನೋಡು" ಎಂದೆ.

"ಇಲ್ಲೊಂದು ಕಡೆ ತೊಂದರೆ ಇದ್ರೆ ತಿಳಿಸಿ ಅಂತಿದೆ. ಒತ್ತಿ ನಾಲ್ಕು ಮಾತು ಬರೀಲಾ ಅತ್ತೆ? ಕಟ್ಟೆ ಒಡೆದಿದೆ, ನೀರು ನಾರುತ್ತೆ ಅಂತ. ಸೀದಾ ಅವರ ದೊಡ್ಡಾಫೀಸಿಗೇ ಹೋಗುತ್ತೆ."

"ಬರಿ, ಬರಿ" ಎಂದು ನಾನು ಮಷೀನು ನಿಲ್ಲಿಸಿದೆ.

ಬೋರಕ್ಕ ಅವಳ ಕೈಯ ಮೇಲೆ ಕೈ ಇಟ್ಟಳು. "ಬೇಡ ಮಗಳೇ. ಅದು ಅಜ್ಜಿಗೂ ಹೋಗ್ತದೆ. ಹುಷಾರಿಲ್ದೆ ಮಲಗಿರೋ ಮುದುಕಿ, ಇಷ್ಟು ದಿನ ಕೊಳಕು ನೀರಾ ಅಂತ ಎದೆ ಒಡ್ಕೊಳ್ತಾಳೆ. ಇನ್ನೊಂದು ತಿಂಗಳು ತಾನೇ? ಸಾರ್ ಮಾಡಿಸ್ತಾರೆ."

ಸೊಸೆ ನನ್ನ ಕಡೆ ನೋಡಿ ಕಣ್ಣು ಮಿಟುಕಿಸಿದಳು. ಫೋನು ಮಡಿಲಲ್ಲಿಟ್ಟುಕೊಂಡು ಅತ್ತೆಯ ಭುಜಕ್ಕೆ ಒರಗಿದಳು. "ಆಯ್ತು ಬಿಡಿ. ನನ್ನ ಮಗು ಹುಟ್ಟೋ ಅಷ್ಟರಲ್ಲಿ ಆಗ್ಬೇಕು. ಬಾಣಂತಿ ಬಟ್ಟೆ ಎಲ್ಲ ಈ ನಾರೋ ನೀರಲ್ಲಿ ಒಗೆಯೋಕೆ ನಾನಂತೂ ಬಿಡಲ್ಲ."

ಅದಾಗಿ ಸ್ವಲ್ಪ ದಿನಕ್ಕೆ ಅವಳಿಗೆ ಊಟ ಸೇರದಂತಾಯಿತು. ಬಸುರಿಗೆ ಇದೆಲ್ಲ ಇದ್ದದ್ದೇ ಎಂದುಕೊಂಡೆವು. ಜ್ವರ ಬಂತು, ಬಿಟ್ಟಿತು. ಒಂದು ಬೆಳಿಗ್ಗೆ ಅವಳು ಬಾಗಿಲಿಗೆ ಬಂದು ನಿಂತಾಗ ನಾನು ಕಿಟಕಿಯಿಂದ ನೋಡಿದೆ, ಕಣ್ಣಿನ ಬಿಳಿ ಅರಿಶಿನದ ಹಾಗೆ ಹಳದಿಯಾಗಿತ್ತು. ಓಡಿಹೋಗಿ ಬೋರಕ್ಕನನ್ನು ಶೆಡ್ಡಿನಿಂದ ಕರೆತಂದೆ, ಮಗ ಕಾರ್ಖಾನೆಯಿಂದ ಹಾಗೇ ಮಸಿಕೈಯಲ್ಲಿ ಬಂದ. ಆಟೋದಲ್ಲಿ ಕೂರುವಾಗಲೂ ಅವಳು ನಕ್ಕಳು. "ಅತ್ತೆ, ಮುಖ ತೊಳೆದಿಲ್ಲ ನಾನು" ಎಂದಳು. ಯಾರಿಗೂ ನಗು ಬರಲಿಲ್ಲ.

ಸರ್ಕಾರಿ ಆಸ್ಪತ್ರೆಯ ಹೆಂಗಸರ ವಾರ್ಡಿನಲ್ಲಿ ಎರಡು ಮಂಚಕ್ಕೆ ಮೂವರು. ಗೋಡೆಯುದ್ದಕ್ಕೂ ಚಾಪೆ, ಚಾಪೆಯ ಮೇಲೆ ರೋಗಿಗಳ ಕಡೆಯವರು. ಡಾಕ್ಟರಮ್ಮ ಕಣ್ಣು ನೋಡಿದಳು, ಉಗುರು ನೋಡಿದಳು, ಹೊಟ್ಟೆ ಮುಟ್ಟಿ ನೋಡಿದಳು. ಕಾಮಾಲೆ ಎಂದಳು. ನೀರಿನಿಂದ ಬರುವ ಕಾಮಾಲೆ, ಬೇರೆಯವರಿಗೆ ಬಂದರೆ ಮಲಗಿ ಎದ್ದುಬಿಡುತ್ತಾರೆ, ಬಸುರಿಯರಿಗೆ ಮಾತ್ರ ಬಹಳ ಕೆಟ್ಟದ್ದು.

"ಯಾವ ನೀರು ಕುಡೀತೀರಿ?" ಎಂದು ಕೇಳಿದಳು.

"ಟ್ಯಾಂಕರ್‌ದು ಡಾಕ್ಟ್ರೇ" ಎಂದಳು ಬೋರಕ್ಕ. "ಪಂಪಿನ ನೀರು ಬಾಯಿಗೆ ಹಾಕಿಲ್ಲ ಅವಳು. ನಾನು ಹಾಕೋಕೆ ಬಿಟ್ಟಿಲ್ಲ."

"ಮತ್ತೆ ಪಾತ್ರೆ ಯಾವ ನೀರಲ್ಲಿ ತೊಳೀತೀರಿ?"

ಬೋರಕ್ಕ ನನ್ನ ಕಡೆ ತಿರುಗಿದಳು. ನಾನೇ ಹೇಳಿದೆ. ಡಾಕ್ಟರಮ್ಮ ಬೈಯಲಿಲ್ಲ. ಅಂಥ ನೀರಲ್ಲಿ ಲೋಟ ತೊಳೆದರೂ ಸಾಕು, ಬಾಯಿ ಮುಕ್ಕಳಿಸಿದರೂ ಸಾಕು ಎಂದು ಹೇಳಿ ಮುಂದಿನ ಮಂಚಕ್ಕೆ ಹೋದಳು. ಮಗ ಗೋಡೆಯನ್ನೇ ನೋಡುತ್ತ ನಿಂತಿದ್ದ. ತಾಯಿಯ ಕಡೆ ತಿರುಗಲಿಲ್ಲ, ಅವತ್ತು ಮಾತ್ರವಲ್ಲ, ಮುಂದೆಯೂ.

ನಾನು ಸಂಜೆ ಓಣಿಗೆ ಬಂದವಳೇ ಒಂದೊಂದು ಬಾಗಿಲ ಡ್ರಮ್ಮನ್ನೂ ಒದ್ದು ಉರುಳಿಸಿದೆ. ಪಂಪಿನ ಹಿಡಿಕೆಗೆ ಹಳೆಯ ಚಾದರ ಸುತ್ತಿ ಹಗ್ಗ ಬಿಗಿದೆ. ಮರುದಿನ ಚುಕ್ಕಿ ಸಾರ್ ಫೋನು ಮಾಡಿದ. ಬೋರಕ್ಕ ಫೋನು ಎತ್ತುತ್ತಿಲ್ಲ, ನಾಳೆ ಚುಕ್ಕಿ ಕೆಂಪಾಗುತ್ತದೆ, ನೀವಾದರೂ ನಾಲ್ಕು ಸಲ ಹೊಡೀರಿ ಎಂದ. ನಾನು ಅವನಿಗೆ ಏನು ಹೇಳಿದೆ ಎಂದು ಇಲ್ಲಿ ಬಾಯಿಬಿಡುವ ಹಾಗಿಲ್ಲ. ಅವನ ಹಿಂದಿನ ಮೂರು ತಲೆಮಾರಿಗೂ ಮುಂದಿನ ಮೂರು ತಲೆಮಾರಿಗೂ ಸಾಲುವಷ್ಟು ಹೇಳಿದೆ. ಸೊಸೆಗೆ ಏನಾಗಿದೆ ಎಂದೂ ಹೇಳಿದೆ.

ಆಸ್ಪತ್ರೆಯಲ್ಲಿ ಅವಳಿಗೆ ಜ್ಞಾನ ತಪ್ಪಿತು. ಏನೇನೋ ಬಡಬಡಿಸಿದಳು, ಅಂಗಡಿಗೆ ಬಂದ ಗಿರಾಕಿಯ ಜೊತೆ ಮಾತಾಡುವ ಹಾಗೆ ರೀಚಾರ್ಜು, ಚಿಲ್ಲರೆ ಎಂದಳು. ಮಗು ಹೊಟ್ಟೆಯಲ್ಲೇ ಹೋಯಿತು. ಬೆಳಗಾಗುವಷ್ಟರಲ್ಲಿ ಅವಳೂ ಹೋದಳು. ಬೋರಕ್ಕ ಅಳಲಿಲ್ಲ. ನರ್ಸಿನ ಹತ್ತಿರ ಒಂದು ಒದ್ದೆಬಟ್ಟೆ ಬೇಡಿ ತೆಗೆದುಕೊಂಡು ಸೊಸೆಯ ಮುಖವನ್ನು ಒರೆಸಿದಳು, ಸಾಕು ಅಕ್ಕ ಎಂದು ನಾನು ಕೈ ಹಿಡಿಯುವ ತನಕ ಒರೆಸಿದಳು.

ಹೆಣದ ಗಾಡಿ ಓಣಿಯೊಳಗೆ ತಿರುಗಿದಾಗ ಪಂಪಿನ ಹತ್ತಿರ ಒಬ್ಬ ಅಪರಿಚಿತ ಕೂತಿದ್ದ. ರಿಪೇರಿಯವನು. ಅವತ್ತು ಬೆಳಿಗ್ಗೆ ಚುಕ್ಕಿ ಕೆಂಪಾಗಿತ್ತು, ಅವನ ಫೋನು ಬಡಿದುಕೊಂಡಿತ್ತು, ಅವನು ಬಂದಿದ್ದ. ಒಡೆದ ಕಟ್ಟೆ ಕಿತ್ತು, ಪೈಪಿನ ಬುಡಕ್ಕೆ ಸಿಮೆಂಟು ತುಂಬಿ, ಚರಂಡಿಗೆ ಅಡ್ಡವಾಗಿ ಇಟ್ಟಿಗೆ ಇಟ್ಟು ಗಾರೆ ಹಚ್ಚಿ ಮುಗಿಸಿದ್ದ. ಗಾಡಿ ನೋಡಿ ಎದ್ದು ನಿಂತು, ಟೋಪಿ ತೆಗೆದ. ಒಳಗೆ ಯಾರು, ಏನಾಯಿತು ಎಂದು ಅವನಿಗೇನು ಗೊತ್ತು ಪಾಪ. ಬೋರಕ್ಕ ಗಾಡಿಯಿಂದಿಳಿದು ಅವನ ಮುಂದೆ ನಿಂತಳು.

"ಎಷ್ಟು ಹೊತ್ತು ಹಿಡೀತಪ್ಪ ಇದಕ್ಕೆ?"

"ಏನಿಲ್ಲ ಅಮ್ಮ, ಒಂದು ಗಂಟೆ ಕೆಲಸ. ಇಷ್ಟು ಹಳೇ ಬಿರುಕು, ಮೊದಲೇ ಕೆಂಪಾಗಿದ್ರೆ ಅವತ್ತೇ ಬಂದು ಮಾಡಿಕೊಡ್ತಿದ್ದೆ. ಯಾರೋ ಸುಮ್ ಸುಮ್ನೆ ಹೊಡೀತಾ ಇದ್ರು ಅನ್ಸುತ್ತೆ."

ಅವಳು "ಹೂಂ" ಎಂದಳು.

ಮಣ್ಣು ಮಾಡಿ ಬಂದ ನಾಲ್ಕೈದು ದಿನಕ್ಕೆ ಚುಕ್ಕಿ ಸಾರ್ ಬಂದ. ನಾನು ಅವನನ್ನು ಹೊಸ್ತಿಲು ದಾಟಲು ಬಿಡಬಾರದು ಎಂದುಕೊಂಡು ಅವನ ಹಿಂದೆಯೇ ಹೋದೆ. ಅವನು ಬಂದು ಬೋರಕ್ಕನ ಕಾಲ ಹತ್ತಿರ ಕೂತು ಅತ್ತುಬಿಟ್ಟ. ಅಳು ಸುಳ್ಳಾಗಿರಲಿಲ್ಲ. ಕಣ್ಣೊರೆಸಿಕೊಂಡು ಬಂದ ಕೆಲಸ ಹೇಳಿದ. ಕೆಂಪು ನೋಡಿದಾಗಿನಿಂದ ಅಜ್ಜಿ ಸಂಸ್ಥೆಗೆ ಮೇಲಿಂದ ಮೇಲೆ ಫೋನು ಮಾಡುತ್ತಿದ್ದಾಳಂತೆ. ಹಸಿರಾದ ಮೇಲೂ ನಂಬಿಕೆ ಬಂದಿಲ್ಲ, ಪಂಪು ನೋಡಿಕೊಳ್ಳುವ ಹೆಂಗಸನ್ನು ಕಣ್ಣಾರೆ ನೋಡಿ ಮಾತಾಡಬೇಕಂತೆ. ವಿಡಿಯೋ ಕಾಲ್ ಮಾಡುತ್ತೇನೆ, ಎರಡೇ ನಿಮಿಷ ಎಂದ. ಮಗ ಒಳಕೋಣೆಯ ಬಾಗಿಲಲ್ಲಿ ಒರಗಿ ನಿಂತಿದ್ದ. ಬೇಡವೆನ್ನಲಿಲ್ಲ.

ಫೋನಿನಲ್ಲಿ ಅಜ್ಜಿ ಬಂದಳು. ದಿಂಬಿಗೆ ಒರಗಿ ಕೂತಿದ್ದಳು, ಮೊದಲಿಗಿಂತ ಸೊರಗಿದ್ದಳು. ಏನೋ ಕೇಳಿದಳು.

"ಚುಕ್ಕಿ ಕೆಂಪಾಗಿತ್ತಲ್ಲ, ಏನಾಯ್ತು ಅಂತ ಕೇಳ್ತಿದ್ದಾರೆ" ಎಂದ ಚುಕ್ಕಿ ಸಾರ್.

ಬೋರಕ್ಕ ಫೋನನ್ನೇ ನೋಡುತ್ತ ನಿಧಾನವಾಗಿ ಹೇಳಿದಳು. "ನನ್ನ ಸೊಸೆ ಸತ್ತಳು ಅಂತ ಹೇಳಪ್ಪ. ಬಸುರಿ. ಈ ಪಂಪಿನ ನೀರಿಂದಾನೇ ಅಂತ ಹೇಳು."

ಅವನು ಅಜ್ಜಿಯ ಭಾಷೆಯಲ್ಲಿ ಮಾತಾಡಿದ, ಸ್ವಲ್ಪ ಉದ್ದಕ್ಕೇ ಮಾತಾಡಿದ. ಅಜ್ಜಿ ಎದೆಯ ಮೇಲೆ ಕೈ ಇಟ್ಟುಕೊಂಡು ಉಸಿರು ಬಿಟ್ಟಳು. ಮುಖ ಅರಳಿತು. ನಗುತ್ತ ಎರಡೂ ಕೈಯಿಂದ ಬೋರಕ್ಕನಿಗೆ ಗಾಳಿಯಲ್ಲೇ ಮುತ್ತು ಕಳಿಸಿದಳು, ಕೈ ಬೀಸಿದಳು, ಮಾಯವಾದಳು.

ಓದು ಬರಹ ಬಾರದ ನಮಗೂ ನಗು ಓದಲು ಬರುತ್ತದೆ. ನಾನು ಅವನ ಕೊರಳಪಟ್ಟಿಗೆ ಕೈ ಹಾಕಿಯೇಬಿಟ್ಟೆ. "ಏನಂತ ಹೇಳ್ದೆಯೋ ಅವಳಿಗೆ?"

"ಹಿಡಿಕೆ ಜಾಮ್ ಆಗಿತ್ತು ಅಂದೆ." ಅವನು ಬಿಡಿಸಿಕೊಳ್ಳಲೂ ನೋಡಲಿಲ್ಲ. "ತುಂಬ ವಯಸ್ಸಾಗಿದೆ ಅಮ್ಮ, ಹೃದಯದ ತೊಂದರೆ ಬೇರೆ. ಈಗ ಅಲ್ಲಿ ರಾತ್ರಿ. ಹೇಳಿದ್ರೆ ಇನ್ಯಾವತ್ತೂ ನಿದ್ದೆ ಮಾಡಲ್ಲ ಅವರು. ಹೋದವರಂತೂ ಬರಲ್ಲ."

ಬೋರಕ್ಕ ನನ್ನ ಕೈ ಹಿಡಿದು ಅವನ ಕೊರಳಿನಿಂದ ಬಿಡಿಸಿದಳು. "ಹೋಗ್ಲಿ ಬಿಡೇ. ಅವನು ಹೇಳೋದೂ ಸರಿ. ಪಾಪ, ಮುದುಕಿ ಮಲಗ್ಲಿ."

ಆಗ ಮಗ ಮಾತಾಡಿದ. ಆಸ್ಪತ್ರೆಯಿಂದ ಬಂದಾಗಿನಿಂದ ಅವನ ದನಿ ಕೇಳಿದ್ದು ಅದೇ ಮೊದಲು. ಕೂಗಲಿಲ್ಲ, ಒರಗಿದಲ್ಲಿಂದ ಅಲುಗಲೂ ಇಲ್ಲ.

"ಅಮ್ಮ, ಆ ಮುದುಕಿ ನಿದ್ದೆ ಕೆಡಬಾರ್ದು ಅಂತಾನೇ ತಾನೇ ನಾವು ಇವಳನ್ನ ಕಳ್ಕೊಂಡಿದ್ದು?"

ಬೋರಕ್ಕ ಮಗನ ಕಡೆ ತಿರುಗಿದಳು. ಅವಳ ಮುಖದಲ್ಲಿ ನಾನು ಹಿಂದೆಂದೂ ನೋಡದ ಏನೋ ಒಂದು ಎದ್ದುಬಂತು. ಮೊದಲು ಗಂಟಲಿನಿಂದ ಒಂದು ಸದ್ದು ಹೊರಟಿತು, ಆಮೇಲೆ ಆಸ್ಪತ್ರೆಯಲ್ಲಿ ಬಾರದ ಅಳು ಒಟ್ಟಿಗೆ ಬಂತು. ಗೋಡೆ ಹಿಡಿದು ನಿಂತು ಅತ್ತಳು, ಮಗನನ್ನು ಹಿಡಿದುಕೊಳ್ಳಲು ಕೈ ಚಾಚಿದಳು, ಅವನು ಕೈ ಕೊಡಲಿಲ್ಲ. ನನಗೂ ತಡೆಯಲಾಗಲಿಲ್ಲ. ಎಷ್ಟೋ ಹೊತ್ತಿನ ಮೇಲೆ ಬೋರಕ್ಕ ಮುಖ ಒರೆಸಿಕೊಂಡು ಚುಕ್ಕಿ ಸಾರ್ ಮುಂದೆ ಬಂದು ಕೂತಳು.

"ಫೋನ್ ಹಚ್ಚು."

"ಈಗ ಮಲಗಿರ್ತಾರಮ್ಮ, ಮಾತ್ರೆ ತಗೊಂಡು."

"ಎಬ್ಬಿಸು" ಎಂದಳು ಬೋರಕ್ಕ. "ಈ ಸಲ ನಾನು ಹೇಳಿದ್ದನ್ನೇ ಹೇಳು. ಅವಳ ಮುಖ ನೋಡ್ತಾ ಇರ್ತೀನಿ ನಾನು."

ಅವನು ನನ್ನನ್ನು ನೋಡಿದ, ಬಾಗಿಲಲ್ಲಿದ್ದ ಮಗನನ್ನು ನೋಡಿದ. ನಂಬರು ಒತ್ತಿ ಫೋನನ್ನು ಅವಳ ಎದುರಿಗೆ ಹಿಡಿದ. ಆ ಕಡೆ ಗಂಟೆ ಹೊಡೆಯತೊಡಗಿತು.